ಮಂತ್ರಿಯಾಗುವುದಕ್ಕೆ ಎಷ್ಟು ಓದಿರಬೇಕು?

ಮತ್ತೋಡಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಹೋಟ್ಲು. ಹೆಸರು ಬೇಡ. ಅಲ್ಲಿ ಬೆಂಚಿನ ಮೇಲೆ ಕೂತು, ಎಲ್ಲರು ಕುಡಿಯುವ ಲೋಟದಲ್ಲಿ ಟೀ ಕುಡಿಯುವ ಮಟ್ಟಕ್ಕೆ ನಾನು ಬಂದಿದ್ದೇನೆ. ನಮ್ಮಪ್ಪ ಬಂದಿರಲಿಲ್ಲ. ಅವನು ಹೊರಗೆ ನಿಂತು ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದ. ಅವನ ಮಗ ಬಿ.ಎ. ಪಾಸು ಮಾಡಿ ಒಳಗೆ ಕೂತಿದ್ದಾನೆ. ಈ ಬದಲಾವಣೆ ಸಣ್ಣದೇನಲ್ಲ. ಆದರೆ ಒಳಗೆ ಕೂತವನಿಗೆ ಒಂದು ಕಾಯಿಲೆ ಅಂಟುತ್ತದೆ. ಒಳಗಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕಾಯಿಲೆ. ಈ ಬರಹ ಆ ಕಾಯಿಲೆಯ ಬಗ್ಗೆ.

ಒಂದು ದಿನ ಆ ಬೆಂಚಿನ ಮೇಲೆ ಪೇಪರು ಬಿದ್ದಿತ್ತು. ಅದರಲ್ಲಿ ಯಾರೋ ಮಂತ್ರಿಯ ಮಾತು, ಮಂತ್ರಿಯ ಫೋಟೋ. ರಿಟೈರಾದ ಮೇಷ್ಟ್ರೊಬ್ಬರು ಓದಿ ನಕ್ಕರು. "ಜವಾನನ ಕೆಲಸಕ್ಕೂ ಎಸ್ಸೆಲ್ಸಿ ಕೇಳ್ತಾರೆ. ಬಸ್ಸು ಓಡಿಸಾಕೆ ಲೈಸೆನ್ಸ್ ಕೇಳ್ತಾರೆ. ರಾಜ್ಯ ಓಡಿಸೋ ಮಂತ್ರಿಗೆ ಮಾತ್ರ ಏನೂ ಬೇಡ. ಓದು ಬರ್ದೋರು ಓಟು ಹಾಕ್ತಾರೆ, ಓದು ಬರ್ದೋರು ಗೆಲ್ತಾರೆ. ಎಂಥ ದೇಶವಯ್ಯಾ ಇದು!" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಡಿಗ್ರಿ ಮಾಡಿದೋನಪ್ಪ, ನೀನೇ ಹೇಳು. ಮಂತ್ರಿ ಆಗಾಕೆ ಒಂದು ಡಿಗ್ರಿನಾದ್ರೂ ಬೇಡ್ವಾ?" ಅಂದರು.

ಅಷ್ಟು ಜನರ ಮುಂದೆ ನನ್ನನ್ನು ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. "ಹೌದು ಸಾರ್, ಬೇಕೇ ಬೇಕು" ಅಂದೆ.

ಟೀ ಮುಗಿಸಿ ರಸ್ತೆಗೆ ಬಂದಾಗ ನನ್ನ ಚಿಗವ್ವ ನೆನಪಾದಳು.

ಚಿಗವ್ವ ಅಂದರೆ ಅವ್ವನ ತಂಗಿ. ನಮ್ಮ ಕಡೆಯ ಒಂದು ಊರಿನ ಮಾದಿಗರ ಹಟ್ಟಿಗೆ ಸೊಸೆಯಾಗಿ ಹೋದವಳು. ಸ್ಕೂಲಿನ ಮುಖ ನೋಡಿದವಳಲ್ಲ. 2015ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅವಳ ವಾರ್ಡು ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಯಿತು. ಊರ ಯಜಮಾನರು 'ಹೇಳಿದಂಗೆ ಕೇಳ್ತಾಳೆ' ಅಂತ ಇವಳನ್ನು ನಿಲ್ಲಿಸಿದರು. ಗೆದ್ದಳು. ಮೊದಲ ಮೀಟಿಂಗಿನಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ. ಬಾಗಿಲ ಹತ್ತಿರ ನಿಂತಳು. ಎರಡನೇ ಮೀಟಿಂಗಿಗೂ ನಿಂತಳು. ಮೂರನೇ ಮೀಟಿಂಗಿಗೆ ಪಕ್ಕದ ಅಂಗನವಾಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ತಲೆ ಮೇಲೆ ಹೊತ್ತುಕೊಂಡು ಹೋಗಿ ಹಾಕಿಕೊಂಡು ಕೂತಳು. ಯಾರೂ ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತುವ ಮುಂಚೆ "ಇದ್ರಾಗೆ ಏನ್ ಬರ್ದೈತೆ, ಓದಿ ಏಳ್ರಿ" ಅನ್ನುವುದನ್ನು ರೂಢಿ ಮಾಡಿಕೊಂಡಳು. ಓದಿ ಹೇಳದಿದ್ದರೆ ಒತ್ತುತ್ತಿರಲಿಲ್ಲ. ಐದು ವರ್ಷದಲ್ಲಿ ಅವಳು ಹಟ್ಟಿಗೆ ಮೂರು ನಲ್ಲಿ ತಂದಳು. ಅದಕ್ಕೆ ಮುಂಚೆ ಹಟ್ಟಿಯ ಹೆಂಗಸರು ಮೇಲ್ಗೇರಿಯ ನಲ್ಲಿಯ ಹತ್ತಿರ ಕೊಡ ಇಟ್ಟು ದೂರ ನಿಂತು, ಯಾರಾದರು ಹಿಡಿದುಕೊಡಲಿ ಅಂತ ಕಾಯಬೇಕಾಗಿತ್ತು.

ನಾನು ಹೋಟ್ಲಿನಲ್ಲಿ ತಲೆಯಾಡಿಸಿದಾಗ ಆ ಪ್ಲಾಸ್ಟಿಕ್ ಕುರ್ಚಿಯಿಂದ ಎಬ್ಬಿಸಿದ್ದು ಯಾರನ್ನು? ಮಂತ್ರಿಯನ್ನಲ್ಲ. ಚಿಗವ್ವನನ್ನು.

ಇದು ನನ್ನ ಕಲ್ಪನೆಯಲ್ಲ. ಚಿಗವ್ವ ಗೆದ್ದ ಅದೇ 2015ರಲ್ಲಿ ಹರಿಯಾಣದ ಸರ್ಕಾರ ಕಾನೂನು ಮಾಡಿತು. ಪಂಚಾಯಿತಿಗೆ ನಿಲ್ಲುವ ಗಂಡಸು ಹತ್ತನೇ ಕ್ಲಾಸು ಪಾಸಾಗಿರಬೇಕು, ಹೆಂಗಸು ಮತ್ತು ದಲಿತ ಗಂಡಸು ಎಂಟನೇ ಕ್ಲಾಸು, ಪಂಚಾಯಿತಿ ಮೆಂಬರಾಗುವ ದಲಿತ ಹೆಂಗಸು ಐದನೇ ಕ್ಲಾಸು. ಮನೆಯಲ್ಲಿ ಕಕ್ಕಸು ಇರಬೇಕು. ಕರೆಂಟು ಬಿಲ್ಲು ಬಾಕಿ ಇರಬಾರದು. ಆ ವರ್ಷ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ರಾಜ್‌ಬಾಲಾ ಮೊಕದ್ದಮೆಯಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು. ರಾಜಸ್ಥಾನದಲ್ಲೂ 2014ರ ಕೊನೆಯಲ್ಲಿ ಇಂಥದೇ ನಿಯಮ ಬಂದಿತ್ತು. ಅಲ್ಲಿ 2019ರಲ್ಲಿ ಅದನ್ನು ತೆಗೆದುಹಾಕಿದರು. ಈ ಕಾನೂನು ಮಾಡಿದ ಶಾಸಕರಿಗೆ ಮಾತ್ರ ಯಾವ ಕ್ಲಾಸಿನ ನಿರ್ಬಂಧವೂ ಇರಲಿಲ್ಲ. ಹತ್ತನೇ ಕ್ಲಾಸು ಓದದವನು ಚಂಡೀಗಢದಲ್ಲಿ ಮಂತ್ರಿಯಾಗಬಹುದಾಗಿತ್ತು, ತನ್ನೂರಿನ ಪಂಚಾಯಿತಿಗೆ ಮೆಂಬರಾಗುವಂತಿರಲಿಲ್ಲ. ಅರ್ಹತೆಯ ಕತ್ತಿ ಯಾವಾಗಲು ಕೆಳಗಡೆಯಿಂದಲೇ ಕೊಯ್ಯುತ್ತ ಬರುತ್ತದೆ.

ಅವತ್ತು ರಾತ್ರಿ ಸಂವಿಧಾನದ ಪುಸ್ತಕ ತೆಗೆದು ಕೂತೆ. ಮಂತ್ರಿಯಾಗಲು ಅದು ನಿಜವಾಗಿ ಏನೇನು ಕೇಳುತ್ತದೆ ಅಂತ ಒಂದೊಂದಾಗಿ ಹಾಳೆಯ ಮೇಲೆ ಬರೆದುಕೊಂಡೆ. ಓದುಗ ಗೆಳೆಯರು ತಮ್ಮ ಕೇರಿಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಉಳಿದ ಮಂತ್ರಿಗಳನ್ನು ಮುಖ್ಯಮಂತ್ರಿ ಹೇಳಿದಂತೆ ನೇಮಿಸುತ್ತಾರೆ. ಇದು 164ನೇ ವಿಧಿ. ಮಂತ್ರಿಯಾದವನು ವಿಧಾನಸಭೆಯ ಅಥವಾ ವಿಧಾನ ಪರಿಷತ್ತಿನ ಸದಸ್ಯನಾಗಿರಬೇಕು. ಆಗಿರದಿದ್ದರೆ ಆರು ತಿಂಗಳೊಳಗೆ ಆಗಬೇಕು, ಇಲ್ಲದಿದ್ದರೆ ಕುರ್ಚಿ ಬಿಡಬೇಕು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಹಾಗಂತ ಆರಾರು ತಿಂಗಳಿಗೆ ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣ ಮಾಡುವ ಆಟ ನಡೆಯುವುದಿಲ್ಲ. ಪಂಜಾಬಿನಲ್ಲಿ ಅಂಥ ಆಟ ಆಡಿದಾಗ 2001ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದಿತು.

ಶಾಸಕನಾಗಲು ಏನು ಬೇಕು? ಅದು 173ನೇ ವಿಧಿ. ಭಾರತದ ಪ್ರಜೆಯಾಗಿರಬೇಕು. ವಿಧಾನಸಭೆಗೆ 25 ವರ್ಷ, ಪರಿಷತ್ತಿಗೆ 30 ವರ್ಷ ತುಂಬಿರಬೇಕು. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಅಂತ ಪ್ರಮಾಣ ಮಾಡಬೇಕು. ವಿಧಾನಸಭೆಗೆ ನಿಲ್ಲುವವನ ಹೆಸರು ಆ ರಾಜ್ಯದ ಯಾವುದಾದರು ಕ್ಷೇತ್ರದ ಮತದಾರರ ಪಟ್ಟಿಯಲ್ಲಿರಬೇಕು. ಸರ್ಕಾರದ ಲಾಭದ ಹುದ್ದೆಯಲ್ಲಿ ಇರಬಾರದು. ದಿವಾಳಿಯಾಗಿರಬಾರದು. ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕೋರ್ಟು ಹೇಳಿರಬಾರದು. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ಆ ಶಿಕ್ಷೆಯ ಕಾಲ, ಬಿಡುಗಡೆಯಾದ ಮೇಲೆ ಇನ್ನೂ ಆರು ವರ್ಷ ನಿಲ್ಲುವಂತಿಲ್ಲ. ಪಕ್ಷಾಂತರ ಮಾಡಿ ಅನರ್ಹನಾದವನು ಮತ್ತೆ ಗೆದ್ದು ಬರುವವರೆಗೆ ಅಥವಾ ಅವನ ಅವಧಿ ಮುಗಿಯುವವರೆಗೆ ಮಂತ್ರಿಯಾಗುವಂತಿಲ್ಲ. ಇದು 2003ರ 91ನೇ ತಿದ್ದುಪಡಿ. ಮಂತ್ರಿಗಳ ಸಂಖ್ಯೆ ಸಭೆಯ ಶೇಕಡಾ 15 ಮೀರಬಾರದು ಅಂತ ಕಟ್ಟುಹಾಕಿದ್ದೂ ಅದೇ. ನಮ್ಮ ವಿಧಾನಸಭೆಯ ಸ್ಥಾನ 224. ಆದ್ದರಿಂದ ಮುಖ್ಯಮಂತ್ರಿಯೂ ಸೇರಿ 34 ಜನ.

ಇಷ್ಟೆ. ಹಾಳೆ ತುಂಬಲಿಲ್ಲ. ಅಂಕಪಟ್ಟಿ ಇಲ್ಲ. ಸಂದರ್ಶನ ಇಲ್ಲ. ಶಾನುಭೋಗನ ಮಗನಾಗಿರಬೇಕು ಅಂತ ಇಲ್ಲ. ನಮ್ಮ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಪಾಳೆಯಗಾರರಿದ್ದರು. ಆಗ ಊರು ಆಳುವುದಕ್ಕೆ ಒಂದೇ ಅರ್ಹತೆ, ಆ ಮನೆಯಲ್ಲಿ ಹುಟ್ಟಿರಬೇಕು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಟ್ಟರು. ಆ ಮೂರೂ ನಮ್ಮ ಹಟ್ಟಿಯಲ್ಲಿ ಇರಲಿಲ್ಲ. ಸಾವಿರ ವರ್ಷ ನಮ್ಮನ್ನು 'ಅನರ್ಹ' ಅಂತ ಕರೆದ ನೆಲದಲ್ಲಿ, ಈ ಪುಸ್ತಕ ಬಂದು 'ನಿನಗೆ 25 ತುಂಬಿದೆಯಾ? ಸಾಕು' ಅಂದಿತು. ಈ ಮಾತಿನ ಬೆಲೆ ಹೋಟ್ಲಿನ ಮೇಷ್ಟ್ರಿಗೆ ಗೊತ್ತಾಗದಿರಬಹುದು. ನನಗೆ ಗೊತ್ತಾಗಬೇಕಾಗಿತ್ತು.

ಮೇಷ್ಟ್ರ ಮಾತನ್ನು ಅವರಿಗಿಂತ ದೊಡ್ಡವರೂ ಆಡಿದ್ದಾರೆ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಅಧ್ಯಕ್ಷ ರಾಜೇಂದ್ರ ಪ್ರಸಾದರು ಇದೇ ಕೊರಗು ಹೇಳಿಕೊಂಡರು. ಕಾನೂನು ನಡೆಸುವವರಿಗೆ ದೊಡ್ಡ ವಿದ್ಯೆ ಕೇಳುತ್ತೇವೆ, ಕಾನೂನು ಮಾಡುವವರಿಗೆ ಗೆದ್ದು ಬರುವುದು ಬಿಟ್ಟು ಬೇರೇನೂ ಕೇಳುತ್ತಿಲ್ಲ, ಇದು ಸರಿಯಾಗಿ ಕಾಣುವುದಿಲ್ಲ ಎಂಬರ್ಥದ ಮಾತು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ, ಸೈಮನ್ ಆಯೋಗದ ಕಾಲದಲ್ಲಿ ಬಾಬಾಸಾಹೇಬರು ಉತ್ತರ ಕೊಟ್ಟಿದ್ದರು. ಜನರನ್ನು ಓದದಂತೆ ನೀವೇ ಇಟ್ಟಿರಿ, ಈಗ ಓದಿಲ್ಲ ಅಂತ ನೀವೇ ಓಟು ಕಸಿಯುತ್ತೀರಿ, ಇದು ಗಾಯದ ಮೇಲೆ ಅವಮಾನ ಎಂಬುದು ಅವರ ವಾದದ ತಿರುಳು. ಇಡೀ ದೇಶದಲ್ಲಿ ಅವರಷ್ಟು ಡಿಗ್ರಿ ಇದ್ದವರು ಎಷ್ಟು ಜನ ಇದ್ದರು? ಅಷ್ಟು ಡಿಗ್ರಿ ಇದ್ದವರು ಡಿಗ್ರಿ ಇಲ್ಲದವರ ಪರವಾಗಿ ನಿಂತರು. ಒಂದೇ ಒಂದು ಬಿ.ಎ. ಇಟ್ಟುಕೊಂಡು ನಾನು ಆ ಕಡೆ ಹೋಗಿ ನಿಂತೆ.

2018ರಲ್ಲಿ ನಮ್ಮ ರಾಜ್ಯದಲ್ಲೇ ಈ ಚರ್ಚೆ ನಡೆಯಿತು. ಕುಮಾರಸ್ವಾಮಿಯವರ ಸಂಪುಟದಲ್ಲಿ ಜಿ.ಟಿ. ದೇವೇಗೌಡರಿಗೆ ಉನ್ನತ ಶಿಕ್ಷಣ ಖಾತೆ ಕೊಟ್ಟರು. ಅವರು ಓದಿದ್ದು ಎಂಟನೇ ಕ್ಲಾಸು. ಊರೆಲ್ಲ ನಕ್ಕಿತು. ನಾನೂ ನಕ್ಕಿದ್ದೆ. ಈಗ ಕೇಳಿಕೊಳ್ಳುತ್ತೇನೆ, ನಾವು ನಕ್ಕಿದ್ದು ಯಾವುದಕ್ಕೆ? ಅವರಿಗೆ ಆ ಖಾತೆ ಯಾಕೆ ಕೊಟ್ಟರು, ಅವರು ಕಾಲೇಜುಗಳಿಗೆ, ಅತಿಥಿ ಉಪನ್ಯಾಸಕರಿಗೆ, ಹಾಸ್ಟೆಲಿನ ಹುಡುಗರಿಗೆ ಏನು ಮಾಡಿದರು ಅಂತ ಲೆಕ್ಕ ಕೇಳಬಹುದಾಗಿತ್ತು. ಆ ಲೆಕ್ಕ ಕೇಳಲು ಶ್ರಮ ಬೇಕು. ಎಂಟನೇ ಕ್ಲಾಸು ಅಂತ ನಗಲು ಏನೂ ಬೇಡ. ತಮಿಳುನಾಡಿನ ಕಾಮರಾಜರು ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟವರು. 1954ರಿಂದ 1963ರವರೆಗೆ ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೆ ಸ್ಕೂಲು ತೆರೆಸಿದರು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ಹಸಿದ ಹುಡುಗ ಸ್ಕೂಲು ಬಿಡುವುದು ಯಾಕೆ ಅಂತ ತಿಳಿಯಲು ಸ್ಕೂಲು ಬಿಟ್ಟ ಹುಡುಗನೇ ಬೇಕಾಯಿತೇನೋ.

ಗಾಜಿನ ಬಳೆಗೆ ನಮ್ಮೂರು ಹೆಸರಾಗಿತ್ತು. 1800-1801ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಎಂಬ ಬ್ರಿಟಿಷರವನು ಮತ್ತೋಡಿನ ಗಾಜಿನ ಕೆಲಸವನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮಣ್ಣನ್ನು, ಕಲ್ಲನ್ನು ಬೆಂಕಿಯಲ್ಲಿ ಕರಗಿಸಿ ಬಳೆ ಮಾಡಿದ ಆ ಕೈಗಳು ಯಾವ ಸ್ಕೂಲಿನಲ್ಲೂ ಕಲಿತವಲ್ಲ. ತಿಳಿವಳಿಕೆ ಅಂಕಪಟ್ಟಿಯಲ್ಲೇ ಇರುತ್ತದೆ ಅನ್ನುವುದು ಅಂಕಪಟ್ಟಿ ಇರುವವರ ಮಾತು. ಹಾಗಂತ ಓದು ಬೇಡ ಅಂತ ನಾನು ಹೇಳುತ್ತಿಲ್ಲ. ಓದು ನಮ್ಮ ಅನ್ನ, ನಮ್ಮ ಆಯುಧ. ಓದನ್ನು ಎಲ್ಲರಿಗು ಕೊಡಬೇಕು. ಅದನ್ನು ಬಾಗಿಲಿಗೆ ಅಗಳಿಯಾಗಿ ಹಾಕಬಾರದು, ಅಷ್ಟೆ.

ಇನ್ನು ಓದಿದವರ ಕಥೆ ನೋಡೋಣ. ಬಿ. ಬಸವಲಿಂಗಪ್ಪ ವಕೀಲರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕೈಹಾಕಿದವರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದಲ್ಲಿ ಮಾತಾಡಿದರು. ಅಷ್ಟಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಅವರ ಪರ ನಿಂತ ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಅವರು ರಾಜೀನಾಮೆ ಕೊಡಬೇಕಾಯಿತು. ವಕೀಲಿ ಡಿಗ್ರಿ ಅವರ ಕುರ್ಚಿಯನ್ನು ಉಳಿಸಲಿಲ್ಲ. ಸಂವಿಧಾನದ ಯಾವ ವಿಧಿಯಲ್ಲೂ 'ದಲಿತ ಮಂತ್ರಿ ಸಾಹಿತ್ಯದ ಬಗ್ಗೆ ಅಭಿಪ್ರಾಯ ಹೇಳಬಾರದು' ಅಂತ ಬರೆದಿಲ್ಲ. ಆದರೆ ಆ ಬೆಂಕಿಯಿಂದಲೇ ನಮ್ಮ ಚಳವಳಿ ಮೈಕೊಡವಿ ಎದ್ದಿತು. ಈ ಪುಟಗಳಲ್ಲಿ ನಾನು ಬರೆಯುತ್ತಿರುವುದಕ್ಕೂ ಅವರ ಆ ಒಂದು ಮಾತಿಗೂ ಸಂಬಂಧವಿದೆ.

ಇನ್ನೊಂದು, ನಮ್ಮದೇ ಲೋಕಸಭಾ ಕ್ಷೇತ್ರದ್ದು. ಚಿತ್ರದುರ್ಗ ಮೀಸಲು ಕ್ಷೇತ್ರದಿಂದ 2019ರಲ್ಲಿ ಗೆದ್ದ ಎ. ನಾರಾಯಣಸ್ವಾಮಿ ಆ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ದಲಿತ ಅಂತ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಹೊರಗಿನಿಂದಲೇ ವಾಪಸ್ಸು ಬಂದರು. 2021ರಲ್ಲಿ ಅವರು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಖಾತೆ ಸಾಮಾಜಿಕ ನ್ಯಾಯ. ದಿಲ್ಲಿಯ ಸಂಪುಟದೊಳಗೆ ಹೋಗುವ ಅರ್ಹತೆ ಇದ್ದ ಮನುಷ್ಯನಿಗೆ ತನ್ನದೇ ಮತದಾರರ ಹಟ್ಟಿಯೊಳಗೆ ಕಾಲಿಡುವ ಅರ್ಹತೆ ಇರಲಿಲ್ಲ. ಅವರ ಪಕ್ಷ ನನ್ನದಲ್ಲ. ಆದರೆ ಆ ಹಟ್ಟಿಯ ಬಾಗಿಲು ನನ್ನದು. ಅದರ ಹೊರಗೆ ನಾವೆಲ್ಲ ಒಂದೇ ಪಕ್ಷ.

ಅಂದರೆ ಬರೆದ ಅರ್ಹತೆ ಬೇರೆ, ಬರೆಯದ ಅರ್ಹತೆ ಬೇರೆ. ಬರೆಯದ ಅರ್ಹತೆಯಲ್ಲಿ ಮೊದಲನೆಯದು ಜಾತಿ. ಎರಡನೆಯದು ದುಡ್ಡು. ಇದರ ಲೆಕ್ಕವನ್ನೂ ಹಾಳೆಯ ಹಿಂದೆ ಮಾಡಿದೆ. ವಿಧಾನಸಭೆಗೆ ನಿಲ್ಲುವವನು ಠೇವಣಿ ಹತ್ತು ಸಾವಿರ ಕಟ್ಟಬೇಕು. ಪರಿಶಿಷ್ಟರಿಗೆ ಐದು ಸಾವಿರ. ಬಿದ್ದ ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬರದಿದ್ದರೆ ಅದು ಮುಳುಗಿತು. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಠೇವಣಿ ಅಂದರೆ ಹದಿನೈದು ದಿನದ ಕೂಲಿ. ಹೊಟ್ಟೆ ಕಟ್ಟಿ ಕಟ್ಟಬಹುದು. ಆದರೆ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯನ್ನು 2022ರಲ್ಲಿ 40 ಲಕ್ಷಕ್ಕೆ ಏರಿಸಿದರು. ವರ್ಷಕ್ಕೆ ನೂರು ದಿನ ಖಾತ್ರಿ ಕೂಲಿ ಸಿಕ್ಕಿ, ಒಂದು ಪೈಸೆಯನ್ನೂ ತಿನ್ನದೆ ಕೂಡಿಟ್ಟರೆ, ಚಿಗವ್ವ ಆ 40 ಲಕ್ಷ ಮುಟ್ಟಲು ನೂರಾ ಹದಿನಾಲ್ಕು ವರ್ಷ ದಾಟಬೇಕು. ಆ ಮಿತಿಯೊಳಗೇ ಚುನಾವಣೆ ನಡೆಯುತ್ತದೆ ಅಂತ ನಂಬುವವರು ನಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ?

ಹೀಗಿದ್ದೂ ಈ ಬಾಗಿಲನ್ನು ದಾಟಿದವರಿದ್ದಾರೆ. ಹಿರಿಯೂರಿನ ಕೆ.ಎಚ್. ರಂಗನಾಥ್ ಮಂತ್ರಿಯೂ ಆದರು, ವಿಧಾನಸಭೆಯ ಅಧ್ಯಕ್ಷರೂ ಆದರು. ಹೊಳಲ್ಕೆರೆ ಮೀಸಲು ಕ್ಷೇತ್ರದಿಂದ ಗೆದ್ದ ಎಚ್. ಆಂಜನೇಯ 2013ರಲ್ಲಿ ಸಮಾಜ ಕಲ್ಯಾಣ ಮಂತ್ರಿಯಾದರು. ನಮ್ಮ ಹೊಸದುರ್ಗ ಮೀಸಲು ಕ್ಷೇತ್ರವಲ್ಲ. ಅಲ್ಲೂ 2008ರಲ್ಲಿ ಗೂಳಿಹಟ್ಟಿ ಶೇಖರ್ ಯಾವ ಪಕ್ಷದ ಚೀಟಿಯೂ ಇಲ್ಲದೆ ಪಕ್ಷೇತರರಾಗಿ ಗೆದ್ದು ಮಂತ್ರಿಯಾದರು. 2010ರಲ್ಲಿ ಬೆಂಬಲ ವಾಪಸ್ಸು ತೆಗೆದ ಪಕ್ಷೇತರರನ್ನು ಸ್ಪೀಕರು ಅನರ್ಹಗೊಳಿಸಿದರು. ಮಂತ್ರಿಯಾದ ಮೇಲೆ ಪಕ್ಷ ಸೇರಿದಂತೆಯೇ ಅನ್ನುವುದು ವಾದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಅಂದಿತು. ಅವರ ರಾಜಕೀಯವನ್ನು ನಾನು ಹೊಗಳುತ್ತಿಲ್ಲ. ಕುದುರೆ ವ್ಯಾಪಾರದ ಆ ದಿನಗಳನ್ನು ಯಾರೂ ಹೊಗಳಬಾರದು. ಅರ್ಹ, ಅನರ್ಹ ಎಂಬ ಪದಗಳು ಎಷ್ಟು ಸಲೀಸಾಗಿ ಅಧಿಕಾರದ ಕೈಯಲ್ಲಿ ಆಟದ ಗೋಲಿಯಾಗುತ್ತವೆ ಅನ್ನುವುದಕ್ಕೆ ಈ ಮಾತು.

ಹಾಗಾದರೆ ಕೊಲೆಗಡುಕರೂ ಲಂಚಕೋರರೂ ಮಂತ್ರಿಯಾಗಲಿ ಅನ್ನುತ್ತೀಯಾ ಅಂತ ಕೇಳಬಹುದು. ಇಲ್ಲ. 2014ರಲ್ಲಿ ಮನೋಜ್ ನರುಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗಂಭೀರ ಆರೋಪ ಹೊತ್ತವರನ್ನು ಮಂತ್ರಿ ಮಾಡಬಾರದೆಂಬ ವಿವೇಕವನ್ನು ಪ್ರಧಾನಿಗೂ ಮುಖ್ಯಮಂತ್ರಿಗಳಿಗೂ ಬಿಟ್ಟಿತು. ಆ ವಿವೇಕವನ್ನು ನಂಬಿ ಕೂರುವಷ್ಟು ಮುಗ್ಧರು ನಾವಲ್ಲ. ಹೊಸ ಅರ್ಹತೆ ಕೇಳುವ ಮುಂಚೆ, ಇರುವ ಒಂದು ಅರ್ಹತೆಯನ್ನು ಗಟ್ಟಿಯಾಗಿ ಹಿಡಿಯೋಣ ಅನ್ನುತ್ತೇನೆ. ಅದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿದೆ. ಅಸ್ಪೃಶ್ಯತೆ ಆಚರಿಸಿದ್ದಕ್ಕೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆಯಾದವನು ಚುನಾವಣೆಗೆ ನಿಲ್ಲುವಂತಿಲ್ಲ. ಇಲ್ಲಿ ಎರಡು ವರ್ಷದ ಜೈಲೇ ಆಗಿರಬೇಕು ಅಂತಿಲ್ಲ. ಬರೀ ದಂಡ ಬಿದ್ದರೂ ಸಾಕು, ಆರು ವರ್ಷ ಅನರ್ಹ. ಎಂಥ ಸಾಲು ಗೆಳೆಯರೇ! ಮಂತ್ರಿಯಾಗುವವನು ಓದಿರಬೇಕಾಗಿಲ್ಲ, ಆದರೆ ಮುಟ್ಟಿಸಿಕೊಳ್ಳದವನಾಗಿರಬಾರದು ಅನ್ನುತ್ತದೆ ಈ ದೇಶದ ಕಾನೂನು. ಆ ಸಾಲು ಅಲ್ಲೇ ಧೂಳು ತಿನ್ನುತ್ತಿದೆ. ಅದನ್ನು ಬಡಿದೆಬ್ಬಿಸಬೇಕಾದವರು ಓದಿದ ನಾವು. ನಾವೋ ಹೋಟ್ಲಿನ ಬೆಂಚಿನ ಮೇಲೆ ಕೂತು ತಲೆಯಾಡಿಸುತ್ತಿದ್ದೇವೆ.

ಆ ವಾರವೇ ಚಿಗವ್ವನ ಊರಿಗೆ ಹೋದೆ. ಅವಳು ಸಾವೆ ಹಸನು ಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರ ಮುಂದೆ ತಲೆಯಾಡಿಸಿದ್ದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಮೊರ ಕೆಳಗಿಟ್ಟು ನಕ್ಕಳು.

"ಓದ್ಕಂಡೋನು ನೀನು. ನಿಮ್ಮ ಹಟ್ಟಿಗೆ ಒಂದು ನಲ್ಲಿ ತಂದಿದ್ಯೇನ್ಲಾ?"

"ಇಲ್ಲ ಚಿಗವ್ವ."

"ತರಾಕೆ ಓದು ಬೇಕು ಅಂತ ನಂಗೇನು ಗೊತ್ತಿರ್ಲಿಲ್ಲಪ್ಪ. ಅದ್ಕೇ ತಂದ್ಬಿಟ್ಟೆ."

ಆಮೇಲೆ ನನ್ನ ಹಾಳೆಯನ್ನು ಓದಿ ಹೇಳು ಅಂದಳು. ಓದಿದೆ. ಎಲ್ಲಕ್ಕೂ ಹೂಂಗುಟ್ಟಿದವಳು 8ನೇ ಸೆಕ್ಷನ್ನಿಗೆ ಬಂದಾಗ ಕೈ ಎತ್ತಿ ತಡೆದಳು.

"ನಿಲ್ಲು ನಿಲ್ಲು. ಓಟ್ಲಾಗೆ ಬ್ಯಾರೆ ಲೋಟ ಇಡೋದೂ ಅದ್ರಾಗೆ ಬರ್ತೈತಾ?"

"ಬರ್ತೈತೆ."

"ನೀರ್ ಇಡಿಯಾಕೆ ಬಿಡ್ದೇ ಇರೋದು? ಗುಡಿಯಾಗೆ ಬಿಡ್ದೇ ಇರೋದು?"

"ಎಲ್ಲಾ ಬರ್ತೈತೆ ಚಿಗವ್ವ. ಆದ್ರೆ ಕೇಸಾಗಿ, ಕೋರ್ಟಾಗೆ ಶಿಕ್ಷೆ ಆಗಿರ್ಬೇಕು."

"ಕೇಸು ಆಕೋರು ಯಾರು?"

ನಾನು ಸುಮ್ಮನಾದೆ. ಅವಳು ಮೊರ ಎತ್ತಿಕೊಂಡು ಕೇರಲು ಶುರುಮಾಡಿದಳು. ಹೊಟ್ಟು ಗಾಳಿಗೆ ಹಾರಿತು, ಕಾಳು ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆಯೇ ಕೇಳಿದಳು:

"ಓದಿರೋರೆಲ್ಲ ಸೇರಿ ಒಂದೊಂದು ಕೇಸು ಆಕಿದ್ರೆ, ಈ ಸೀಮೇಲಿ ಮಂತ್ರಿ ಆಗಾಕೆ ಎಷ್ಟು ಜನ ಉಳೀತಿದ್ರು ಅಂತೀಯ?"